ಬಿಲ್ಲು ಕಡಿಮೆಯಾದರೆ ಕೇಳುವುದು ಬೇಡವೇ?

ಕಾಪುವಿನ ಹಿರಿಯ ಓದುಗರೊಬ್ಬರ ಪತ್ರ: "ಮಗಳ ಹೆರಿಗೆ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಾಯಿತು. ಹೆರಿಗೆ ಕೋಣೆಯಲ್ಲಿ ಆರೇಳು ವಿದ್ಯಾರ್ಥಿಗಳು ನಿಂತಿದ್ದರಂತೆ. ಈಗಲೂ ಅದನ್ನೇ ಹೇಳಿ ಅಳುತ್ತಾಳೆ. ಬಿಲ್ಲು ಕಡಿಮೆ ಇರುವಲ್ಲಿ ಇದೆಲ್ಲ ಇದ್ದದ್ದೇ ಅಲ್ಲವೇ?"

ಉತ್ತರ: ಅಲ್ಲ ಮಾರಾಯ್ರೇ.

ಕಲಿಯುವ ಮಕ್ಕಳು ನೋಡಿಯೇ ಕಲಿಯಬೇಕು, ಒಪ್ಪಿದೆ. 1953ರಲ್ಲಿ ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಶುರುವಾದದ್ದರಿಂದ ನಮ್ಮ ಕರಾವಳಿಗೆ ಆದ ಉಪಕಾರ ಸಣ್ಣದಲ್ಲ. ಆದರೆ ನಿಮ್ಮ ಮಗಳು ಅಳುತ್ತಿರುವುದು ಅವರು ಇದ್ದರೆಂದಲ್ಲ, ತನ್ನನ್ನು ಒಂದು ಮಾತು ಕೇಳಲಿಲ್ಲವೆಂದು.

ನನ್ನ ಹೆಂಡತಿಯ ಮೊದಲ ಹೆರಿಗೆಯಲ್ಲೂ ಹೀಗೇ ಆಯಿತು. ಒಬ್ಬರ ಹಿಂದೆ ಒಬ್ಬರಂತೆ ಮೂವರು ಒಳಪರೀಕ್ಷೆ ಮಾಡಿದರು, ಒಬ್ಬರೂ ಹೆಸರು ಹೇಳಲಿಲ್ಲ. ಕಾಲ ಬಳಿ ಇಂಗ್ಲಿಷಿನಲ್ಲಿ ಪಾಠ ನಡೆದಿತ್ತು. ನಾಲ್ಕನೆಯವಳು ಕನ್ನಡಕದ ಹುಡುಗಿ, ತಲೆಯ ಬಳಿ ಬಂದು ಬಗ್ಗಿ, "ಅಕ್ಕಾ, ನಾನು ಇನ್ನೂ ಕಲಿಯುತ್ತಿರುವವಳು. ಬೇಡ ಅಂದರೆ ಹೊರಗೆ ನಿಲ್ಲುತ್ತೇನೆ" ಎಂದಳು. ಇವಳು "ಇರು" ಎಂದು ಆಕೆಯ ಮಣಿಕಟ್ಟು ಹಿಡಿದವಳು ಮಗು ಅಳುವವರೆಗೂ ಬಿಡಲಿಲ್ಲ. ಬೆಳಿಗ್ಗೆ ಆ ಹುಡುಗಿ ಮಗುವನ್ನು ನೋಡಲು ಬಂದಾಗ ಮಣಿಕಟ್ಟಿನಲ್ಲಿ ನಾಲ್ಕು ಉಗುರಿನ ಗುರುತು ಕೆಂಪಗೆ ಕಾಣುತ್ತಿತ್ತು. ಆಕೆ ಈಗ ಎಲ್ಲಿದ್ದಾಳೋ ಎಂದು ನನ್ನ ಹೆಂಡತಿ ಇಂದಿಗೂ ಕೇಳುತ್ತಾಳೆ.

ನಾನು ಆ ರಾತ್ರಿಯಿಡೀ ಹೊರಗಿನ ಬೆಂಚಿನಲ್ಲಿದ್ದೆ. ಗುರುತಿಲ್ಲದವರು ಒಳಗೆ, ಗಂಡನೂ ತಾಯಿಯೂ ಹೊರಗೆ! ಹೆರುವವಳು ಬಯಸಿದ ಒಬ್ಬರು ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಕೇಂದ್ರ ಸರಕಾರದ 2017ರ 'ಲಕ್ಷ್ಯ' ಕಾರ್ಯಕ್ರಮವೂ ಹೆರಿಗೆ ಕೋಣೆಯಲ್ಲಿ ತಾಯಿಗೆ ಗೌರವ ಸಿಗಬೇಕೆನ್ನುತ್ತದೆ. ದಾಖಲಾಗುವಾಗ ಸಹಿ ಹಾಕಿದ್ದೀರಲ್ಲ ಎನ್ನುವವರಿಗೆ ಸಮೀರಾ ಕೊಹ್ಲಿ ಪ್ರಕರಣ ನೆನಪಿಸುತ್ತೇನೆ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಹಾಗಿರುವಾಗ ಹೆರಿಗೆಗೆಂದು ಹಾಕಿದ ಸಹಿ ಆರೇಳು ಮಂದಿ ಸುತ್ತ ನಿಂತು ನೋಡುವುದಕ್ಕೂ ಸಲ್ಲುತ್ತದೆಯೇ?

ನನಗೆ ಸಿಟ್ಟು ಬರುವುದು ನಿಮ್ಮ 'ಬಿಲ್ಲು ಕಡಿಮೆ' ಎಂಬ ಮಾತಿಗೆ. ಸ್ಪೆಷಲ್ ವಾರ್ಡಿನ ಬಾಗಿಲು ತಟ್ಟಿ ಒಳಗೆ ಬರುವವರೇ ಜನರಲ್ ವಾರ್ಡಿನ ಪರದೆಯನ್ನು ಹೇಳದೆ ಕೇಳದೆ ಸರಿಸುತ್ತಾರೆ. ರೇಷನ್ ಅಂಗಡಿಯಲ್ಲೂ ತಾಲೂಕು ಕಚೇರಿಯಲ್ಲೂ ಇದೇ ಕತೆ. ಕಡಿಮೆ ದುಡ್ಡಿನವರು ಮರ್ಯಾದೆ ಕೇಳಬಾರದು ಎಂಬುದನ್ನು ನಾವೇ ಒಪ್ಪಿಕೊಂಡು ಕೂತಿದ್ದೇವೆ.

ನಿಮ್ಮ ಮಗಳಿಗೆ ಇನ್ನೊಮ್ಮೆ 'ಇದ್ದದ್ದೇ' ಅನ್ನಬೇಡಿ. ಆದದ್ದನ್ನೆಲ್ಲ ಆಸ್ಪತ್ರೆಯ ಅಧೀಕ್ಷಕರಿಗೆ ಆಕೆಯೇ ಬರೆಯಲಿ, ಒಂದು ಪ್ರತಿ ನನಗೂ ಬರಲಿ. ಹೆಸರು ಬಿಟ್ಟು ಪೂರ್ತಿ ಅಚ್ಚು ಮಾಡುತ್ತೇನೆ.