ದನ ಮೇಯ್ದ ಕಡೆ ಹೂವು, ಬೇಲಿಯೊಳಗೆ ಬರೀ ಹುಲ್ಲು: ಯಾಕೆ ಹೀಗೆ?

ಪ್ರಶ್ನೆ: ಎತ್ತರದ ಬೆಟ್ಟದ ಹುಲ್ಲುಗಾವಲಿನಲ್ಲಿ ಒಂದು ಬೇಲಿ ನೋಡಿದೆ. ಹೊರಗೆ ದನ, ಕುರಿ ಮೇಯುತ್ತಿದ್ದವು. ಅಲ್ಲಿ ಥರಾವರಿ ಸಣ್ಣ ಹೂಗಳಿದ್ದವು. ಒಳಗೆ ಮೊಣಕಾಲೆತ್ತರದ ಹುಲ್ಲು, ಹೂವು ಕಮ್ಮಿ. ಮೇಯಿಸಿದರೆ ಹುಲ್ಲುಗಾವಲು ಹಾಳು ಅಂತ ಕೇಳಿದ್ದೆ. ಇಲ್ಲಿ ಉಲ್ಟಾ ಇದೆಯಲ್ಲ?

ಉತ್ತರ: ನೀವು ಕಂಡದ್ದು ಸರಿ. ಕೇಳಿದ್ದೂ ಪೂರ್ತಿ ಸುಳ್ಳಲ್ಲ. ನನ್ನನ್ನು ಕೇಳಿದರೆ, ದನ ಬಿಡಬೇಕೋ ಬೇಡವೋ ಅನ್ನುವುದಕ್ಕಿಂತ ಯಾವಾಗ ಬಿಟ್ಟರು, ಎಷ್ಟು ದಿನ ಬಿಟ್ಟರು ಅನ್ನುವುದೇ ಮುಖ್ಯ.

ಮೊದಲು ಬೇಲಿಯೊಳಗೆ ನೋಡೋಣ. ಮಣ್ಣು ಸ್ವಲ್ಪ ಫಲವತ್ತಾಗಿದ್ದರೆ ಎತ್ತರಕ್ಕೆ ಬೆಳೆಯುವ ಕೆಲವೇ ಹುಲ್ಲುಗಳು ಬಿಸಿಲನ್ನೆಲ್ಲ ತಾವೇ ತಿನ್ನುತ್ತವೆ. ಹಳೆಯ ಒಣಹುಲ್ಲು ಚಾಪೆ ಹಾಸಿದ ಹಾಗೆ ನೆಲ ಮುಚ್ಚುತ್ತದೆ. ಅದರಡಿ ಸಣ್ಣ ಬೀಜ ಮೊಳೆತರೂ ಬದುಕುವುದು ಕಷ್ಟ. ಹಾಗೇ ಬಿಟ್ಟರೆ ನಿಧಾನಕ್ಕೆ ಪೊದೆಗಳೂ ಬರುತ್ತವೆ.

ಈಗ ಒಂದು ಹುಲ್ಲಿನ ಕುಡಿಯನ್ನು ಬುಡದವರೆಗೆ ಸುಲಿದು ನೋಡಿ. ಅದು ಬೆಳೆಯುವ ಜಾಗ ತುದಿಯಲ್ಲಿಲ್ಲ, ನೆಲದ ಹತ್ತಿರ ಗರಿಗಳ ಒಳಗೆ ಅಡಗಿದೆ. ಹಾಗಾಗಿ ಮೇಲಿನದ್ದು ಹೋದರೂ ಮತ್ತೆ ಚಿಗುರುತ್ತದೆ. ಎತ್ತರದ ಹೂಗಿಡದ ಮೊಗ್ಗು ಮಾತ್ರ ನೆತ್ತಿಯಲ್ಲೇ ಇರುತ್ತದೆ. ಒಂದು ಬಾಯಿ ಹಾಕಿದರೆ ಆ ವರ್ಷದ ಬೀಜ ಹೋಯಿತು. ನೆಲಕ್ಕೆ ಅಂಟಿಕೊಂಡು ಎಲೆ ಹರಡುವ ಗಿಡಗಳು, ತೆವಳುವ ಕ್ಲೋವರ್ ಎಂಬ ಮೂರೆಲೆಯ ಗಿಡಗಳು ಬಾಯಿಗೆ ಸುಲಭವಾಗಿ ಸಿಗುವುದಿಲ್ಲ. ನೀವು ನೋಡಿದ ಸಣ್ಣ ಹೂಗಳಲ್ಲಿ ಹೆಚ್ಚಿನವು ಬಹುಶಃ ಇಂಥವೇ.

ಯಾವ ಪ್ರಾಣಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹಸು ನಾಲಿಗೆ ಸುತ್ತಿ ಎಳೆಯುತ್ತದೆ, ಬುಡದಲ್ಲಿ ಒಂದಿಷ್ಟು ಉಳಿಸುತ್ತದೆ. ಕುರಿ ತೆಳು ತುಟಿಯಿಂದ ಎಳೆ ಎಲೆ, ಮೊಗ್ಗುಗಳನ್ನೇ ಆರಿಸುತ್ತದೆ. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ವೆರಾಟ್ರಮ್ ಎಂಬ ವಿಷದ ಗಿಡವನ್ನು ದನಗಳು ಮುಟ್ಟುವುದಿಲ್ಲ. ಸುತ್ತಲಿನದೆಲ್ಲ ಖಾಲಿಯಾದಂತೆ ಅದು ಹೆಚ್ಚುತ್ತದೆ. ದನ ಮಲಗುವ ಜಾಗದ ಕಥೆಯೇ ಬೇರೆ. ಸಗಣಿ, ಗಂಜಲದ ಸಾರಜನಕಕ್ಕೆ ರುಮೆಕ್ಸ್ ಎಂಬ ಗಿಡದ ಅಗಲ ಎಲೆಗಳು ತುಂಬಿಕೊಳ್ಳುತ್ತವೆ. ದನ ಬರುವುದು ನಿಂತ ಮೇಲೂ ದಶಕಗಟ್ಟಲೆ ಕದಲುವುದಿಲ್ಲ.

ಇನ್ನು ಕಾಲ. ಅಷ್ಟು ಎತ್ತರದಲ್ಲಿ ಬೆಳೆಯಲು ಸಿಗುವುದೇ ಸುಮಾರು 3-4 ತಿಂಗಳು. ಹಿಮ ಕರಗಿದ ಕೂಡಲೇ ಗಿಡ ಬೇರಿನಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡಿ ಚಿಗುರುತ್ತದೆ. ಆಗಲೇ ಮೇಯಿಸಿದರೆ ಖರ್ಚಾದದ್ದನ್ನು ತುಂಬಿಕೊಳ್ಳಲು ಆಗುವುದಿಲ್ಲ. ನೆಲವೂ ಒದ್ದೆ, ಗೊರಸು ಹೂತು ಮಣ್ಣು ಕಿತ್ತು ಬರುತ್ತದೆ. ಹೂ ಬಿಡುವ ಹೊತ್ತಿಗೆ ನುಗ್ಗಿದರೆ ಬೀಜವಿಲ್ಲ. ಬೀಜ ಉದುರಿದ ಮೇಲೆ ಹದವಾಗಿ ಮೇಯ್ದರೆ ತೊಂದರೆ ಕಮ್ಮಿ, ಗೊರಸು ಬೀಜವನ್ನು ಮಣ್ಣಿಗೆ ಒತ್ತಿಯೂ ಕೊಡುತ್ತದೆ. ಇನ್ನೊಂದು ಮಾತು: ಎತ್ತರದ ಬೆಟ್ಟಗಳ ಹಲವು ಗಿಡಗಳು ಹಿಂದಿನ ವರ್ಷವೇ ಮೊಗ್ಗು ಕಟ್ಟಿಕೊಂಡಿರುತ್ತವೆ. ಒಂದೇ ವರ್ಷ ನೋಡಿ ತೀರ್ಪು ಕೊಡಬೇಡಿ.

ಉತ್ತರಾಖಂಡದ ಹೂಗಳ ಕಣಿವೆ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಮೇಯಿಸುವುದು ನಿಂತಿತು. ಆಮೇಲೆ ಎತ್ತರಕ್ಕೆ ಬೆಳೆಯುವ ಪಾಲಿಗೋನಮ್ ಎಂಬ ಗಿಡ ಹಬ್ಬಿತು, ಈಗ ಅದನ್ನು ಕೀಳಿಸುತ್ತಾರೆ. ಮೇಯಿಸುವುದು ನಿಂತದ್ದೇ ಕಾರಣವೋ ಅಲ್ಲವೋ ಎಂಬ ಚರ್ಚೆ ಮುಗಿದಿಲ್ಲ. ಹಾಗಂತ ಎಲ್ಲೆಡೆ ದನ ಬಿಡಿ ಅಂತಲ್ಲ. ಮಣ್ಣು ತೆಳುವಾಗಿ ಒಣಗಿದ ಇಳಿಜಾರಿನಲ್ಲಿ ಗಿಡ ಎತ್ತರಕ್ಕೆ ಬೆಳೆಯುವುದೇ ಇಲ್ಲ. ಅಲ್ಲಿ ಮೇಯಿಸಿದರೆ ಹೂಗಳ ಬಗೆ ಕಮ್ಮಿಯಾಗುವುದೇ ಜಾಸ್ತಿ.