ಗ್ರೀನ್ ಕಾರ್ಡ್ ವೀಸಾ ಬಂದಿದೆ: ಮೊದಲು ನಾನೊಬ್ಬನೇ ಅಮೆರಿಕಕ್ಕೆ ಹೋಗಿ ನೆಲೆ ನಿಂತು, ಆಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲೇ?

ಬೇಡ. ನಾಲ್ವರೂ ಒಟ್ಟಿಗೆ ಹೊರಡಿ.

ಅಮೆರಿಕದ ಪೌರತ್ವವಿರುವ ಅಕ್ಕ ಹಾಕಿದ ಅರ್ಜಿ, ವರ್ಷಗಟ್ಟಲೆ ಕಾದ ಮೇಲೆ ಬಂದ ಸರದಿ, ಪಿಯುಸಿಯಲ್ಲಿ ಓದುವ ಮಗಳು, ‘ಮೂರ್ನಾಲ್ಕು ವರ್ಷ ಒಬ್ಬನೇ ಕಷ್ಟಪಟ್ಟರೆ ಸಾಕು’ ಎಂಬ ಲೆಕ್ಕ. ನಿಮ್ಮ ಪ್ರಶ್ನೆ ಓದುವಾಗ ಯಾರೋ ನನ್ನ ಹಳೇ ಡೈರಿ ತೆರೆದಿಟ್ಟ ಹಾಗಾಯಿತು.

ನಾನು ದಾವಣಗೆರೆಯಲ್ಲಿ ಬೆಣ್ಣೆದೋಸೆ ಹೋಟೆಲ್ ನಡೆಸುತ್ತಿದ್ದವನು. ನಾನೂ ಅಕ್ಕನ ಅರ್ಜಿಯಿಂದಲೇ ಒಬ್ಬನೇ ಬಂದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಡೆ ದಕ್ಷಿಣ ಭಾರತದ ಒಂದು ಹೋಟೆಲಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ದೋಸೆ ಹಂಚಿನ ಮುಂದೆ ನಿಂತಿದ್ದವರು ಮೆಕ್ಸಿಕೋದವರು. ಅಡುಗೆಮನೆಯಲ್ಲಿ ಎಲ್ಲರ ಬಾಯಲ್ಲೂ ಅವರು ಮಾಯೆಸ್ತ್ರೋ, ಅಂದರೆ ಸ್ಪ್ಯಾನಿಷ್‌ನಲ್ಲಿ ಮೇಷ್ಟ್ರು. ಬೆಣ್ಣೆದೋಸೆ ಊರಿನವನಿಗೆ ಇವರೇನು ಕಲಿಸುತ್ತಾರೆ ಎಂಬ ಜಂಬ ನನಗಿತ್ತು. ನೀರು ಚಿಮುಕಿಸಿ ಕಾವು ನೋಡಿ, ಅರ್ಧ ಈರುಳ್ಳಿಯಿಂದ ಹಂಚು ಉಜ್ಜಿ, ಸಾಲಾಗಿ ದೋಸೆ ಎಳೆಯುವ ಆ ಕೈ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಬೆಳಗಿನ ಜಾವವೇ ಬಂದು ಹಿಟ್ಟು ರುಬ್ಬುತ್ತಿದ್ದರು. ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಮೊಮ್ಮಗಳನ್ನು ಶಾಲೆಯಿಂದ ಕರೆತರಬೇಕು. ರಾತ್ರಿ ಆಫೀಸುಗಳ ನೆಲ ಒರೆಸುವ ಇನ್ನೊಂದು ಕೆಲಸ. ಶುಕ್ರವಾರ ಸಂಬಳ ಕೈಗೆ ಬಂದರೆ ಮೆಕ್ಸಿಕೋದ ಮಿಚೊವಾಕಾನ್ ರಾಜ್ಯದ ಹಳ್ಳಿಯಲ್ಲಿರುವ ತಾಯಿಗೆ ಮೊದಲು ಹಣ ಹೋಗಬೇಕು. ಮೆಕ್ಸಿಕೋದಲ್ಲಿ ಅಮ್ಮಂದಿರ ದಿನವಾದ ಮೇ 10ಕ್ಕೆ ಒಂದಿಷ್ಟು ಹೆಚ್ಚೇ. 2023ರಲ್ಲಿ ಮೆಕ್ಸಿಕೋಗೆ ಹೀಗೆ ಹೊರಗಿನಿಂದ ಬಂದ ಹಣ 6,000 ಕೋಟಿ ಡಾಲರ್ ದಾಟಿತ್ತು. ಅಷ್ಟು ದೊಡ್ಡ ಮೊತ್ತದ ಹಿಂದೆ ಇರುವವರು ಇಂಥವರೇ.

ಅವರ ಅಪ್ಪನೂ ಇಲ್ಲಿ ದುಡಿದವರು. 1942ರಿಂದ 1964ರವರೆಗೆ ಅಮೆರಿಕ, ಮೆಕ್ಸಿಕೋ ಸರ್ಕಾರಗಳು ಸೇರಿ ನಡೆಸಿದ ಬ್ರಸೇರೋ ಯೋಜನೆಯಲ್ಲಿ ಕೂಲಿಗೆ ಬಂದು, ಗಿಡ್ಡ ಹಿಡಿಯ ಗುದ್ದಲಿ ಹಿಡಿದು ಸಲಿನಾಸ್ ಕಣಿವೆಯ ಲೆಟ್ಯೂಸ್ ಹೊಲಗಳಲ್ಲಿ ದಿನವಿಡೀ ಬಗ್ಗಿ ನಡು ಕಳೆದುಕೊಂಡರಂತೆ. ಆ ಗುದ್ದಲಿಯನ್ನು ಕ್ಯಾಲಿಫೋರ್ನಿಯಾ ನಿಷೇಧಿಸಿದ್ದು 1975ರಲ್ಲಿ. ‘ಅಪ್ಪ ಅಂದರೆ ನನಗೆ ಕ್ರಿಸ್‌ಮಸ್‌ಗೆ ಬಂದು ಹೋಗುವ ನೆಂಟ’ ಅಂದಿದ್ದರು ಮಾಯೆಸ್ತ್ರೋ.

ಅವರು ಬಂದಾಗ ಆ ಯೋಜನೆ ಮುಗಿದಿತ್ತು, ಕೈಯಲ್ಲಿ ಇಲ್ಲಿರಲು ಅನುಮತಿಯ ಕಾಗದವಿರಲಿಲ್ಲ. ವಾಟ್ಸನ್‌ವಿಲ್‌ನಲ್ಲಿ ಸ್ಟ್ರಾಬೆರಿ ಕೊಯ್ದರು. 1986ರ ಕಾನೂನು ಬಂತು: ಆ ವರ್ಷದ ಮೇ 1ಕ್ಕೆ ಕೊನೆಗೊಂಡ 12 ತಿಂಗಳಲ್ಲಿ 90 ದಿನ ಹೊಲದಲ್ಲಿ ದುಡಿದದ್ದಕ್ಕೆ ಪುರಾವೆ ಕೊಟ್ಟವರು ಕಾಗದಕ್ಕೆ ಅರ್ಜಿ ಹಾಕಬಹುದು. ಬಿಸ್ಕತ್ ಡಬ್ಬಿಯಲ್ಲಿ ಕೂಡಿಟ್ಟಿದ್ದ ಸಂಬಳದ ಚೀಟಿಗಳು ಕೈಹಿಡಿದವು. ಅದರ ಮರುವರ್ಷವೇ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕರೆಸಿಕೊಂಡುಬಿಟ್ಟರು. ಹೇಗೆ ಬಂದರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇದ್ದದ್ದು ಈಸ್ಟ್ ಸ್ಯಾನ್ ಹೋಸೆಯಲ್ಲಿ ಯಾರದೋ ಮನೆಯ ಗ್ಯಾರೇಜು. ಮಳೆ ಬಂದರೆ ಹಾಸಿಗೆ ಸುತ್ತಿಡಬೇಕು. ನೆಲೆ ನಿಂತದ್ದು ಎಲ್ಲಿ ಬಂತು? ಆದರೆ 1990ರಲ್ಲಿ ಬಂದ ಇನ್ನೊಂದು ಕಾನೂನು, ಹೀಗೆ ಕಾಗದ ಪಡೆದವರ ಹೆಂಡತಿ ಮಕ್ಕಳು 1988ರ ಡಿಸೆಂಬರ್ 1ಕ್ಕೆ ಮೊದಲೇ ಇಲ್ಲಿದ್ದರೆ ಅವರನ್ನು ಗಡೀಪಾರು ಮಾಡುವ ಹಾಗಿಲ್ಲ, ಕೆಲಸಕ್ಕೂ ಅನುಮತಿ ಎಂದಿತು. ಮಾಯೆಸ್ತ್ರೋ ಇದನ್ನೇನೂ ಮೊದಲೇ ಊಹಿಸಿದ್ದಲ್ಲ. ಬಿಟ್ಟಿರಲಾಗಲಿಲ್ಲ, ಕರೆಸಿದರು, ಅಷ್ಟೇ.

ಅವರ ತಮ್ಮ ನಿಮ್ಮ ಹಾಗೆ, ನನ್ನ ಹಾಗೆ. ಮೊದಲು ಊರಲ್ಲಿ ಮನೆ, ಆಮೇಲೆ ಸಂಸಾರ ಎಂದ. ಎರಡಂತಸ್ತಿನ ಆರ್‌ಸಿಸಿ ಮನೆ ಎದ್ದಿತು. ಅಷ್ಟರಲ್ಲಿ ಆ 1988ರ ಗಡುವು ದಾಟಿತ್ತು, ಹೆಂಡತಿ ಮಕ್ಕಳು ವೀಸಾ ಸರದಿಯಲ್ಲಿ ವರ್ಷಗಟ್ಟಲೆ ಕಾದರು. ಕೊನೆಗೆ ಎಲ್ಲರೂ ಇಲ್ಲಿಗೆ ಬಂದರು, ಆ ಮನೆಗೆ ಬೀಗ ಬಿತ್ತು. ಅಂಥ ಬೀಗದ ಮನೆಗಳು ಮಿಚೊವಾಕಾನ್ ತುಂಬ ಇವೆಯಂತೆ.

ಇದನ್ನೆಲ್ಲ ಈರುಳ್ಳಿ ಹೆಚ್ಚುತ್ತಾ ಕೇಳಿದವನು ನಾನು. ‘ನಿನ್ನವರನ್ನು ಈಗಲೇ ಕರೆಸು’ ಎಂದು ಮಾಯೆಸ್ತ್ರೋ ಬಾಯಿಬಿಟ್ಟೇ ಹೇಳಿದ್ದರು. ಅವರ ಕಾಲ ಬೇರೆ, ಕಾನೂನು ಬೇರೆ, ನನ್ನದು ಸಕ್ರಮ ಗ್ರೀನ್ ಕಾರ್ಡ್, ಅವಸರವೇನು ಎಂದುಕೊಂಡೆ.

ಅವಸರವಿತ್ತು. ಇಲ್ಲಿ ಸ್ವಲ್ಪ ಕೊರೆಯುತ್ತೇನೆ, ತಡೆದುಕೊಳ್ಳಿ. ಅಕ್ಕನ ಅರ್ಜಿಯಲ್ಲಿ ನಮ್ಮ ಮಕ್ಕಳಿಗೆ ಜಾಗ ಸಿಗುವುದು 21 ತುಂಬುವವರೆಗೆ, ಅದೂ ಮದುವೆಯಾಗಿರದಿದ್ದರೆ. 2002ರಲ್ಲಿ ಬಂದ ಒಂದು ಕಾನೂನು ಇದನ್ನು ಸ್ವಲ್ಪ ಸಡಿಲ ಮಾಡಿತು: ಸರದಿ ಬಂದ ದಿನ ಮಗುವಿಗೆ ಎಷ್ಟು ವಯಸ್ಸೋ ಅದರಲ್ಲಿ, ಅರ್ಜಿ ಇಲಾಖೆಯಲ್ಲಿ ಮಂಜೂರಾತಿಗೆ ಕಾದ ಕಾಲವನ್ನು ಕಳೆದು ಲೆಕ್ಕ ಹಿಡಿಯುತ್ತಾರೆ. ಆದರೆ ಸರದಿ ಬಂದ ಒಂದು ವರ್ಷದೊಳಗೆ ಆ ಮಗುವಿನ ವೀಸಾ ಪ್ರಯತ್ನ ಶುರುವಾಗಿರಬೇಕು. ನನ್ನ ಮಗಳಿಗೆ ಆಗ 18. ಎಂಜಿನಿಯರಿಂಗ್ ಮುಗಿಸಲಿ, ನಾಲ್ಕು ಜನರ ಶುಲ್ಕ ಒಟ್ಟಿಗೆ ಯಾಕೆ ಕಟ್ಟಬೇಕು, ಹೆಸರು ಹೇಗೂ ಅಕ್ಕನ ಅರ್ಜಿಯಲ್ಲಿದೆಯಲ್ಲ ಎಂದು ಬಿಟ್ಟೆ. ಹೆಸರು ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ. ಅವಳ ಪದವಿ ಮುಗಿಯುವಷ್ಟರಲ್ಲಿ 22. ಹೆಂಡತಿ, ಮಗ ಬಂದರು. ಅವಳಿಗೆ ಬಾಗಿಲು ಮುಚ್ಚಿತ್ತು.

ಆಮೇಲೆ ನಾನೇ ಅವಳ ಹೆಸರಿಗೆ ಬೇರೆ ಅರ್ಜಿ ಹಾಕಿದೆ. ಅದಕ್ಕೂ ವರ್ಷಗಳ ಸರದಿ, ಮೇಲೆ ಇನ್ನೊಂದು ಕುಣಿಕೆ: ಗ್ರೀನ್ ಕಾರ್ಡ್ ಇರುವ ಅಪ್ಪ ಮದುವೆಯಾದ ಮಗಳನ್ನು ಕರೆಸುವ ಹಾಗಿಲ್ಲ, ತಾಳಿ ಬಿದ್ದ ದಿನ ಅರ್ಜಿ ಸತ್ತ ಹಾಗೆ. ಅಪ್ಪನ ಕಾಗದಕ್ಕಾಗಿ ಮದುವೆ ಮುಂದೂಡು ಎಂದು ಮಗಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಒಳ್ಳೆಯ ಸಂಬಂಧ ಬಂತು, ಮಾಡಿಕೊಟ್ಟೆವು. ಪೌರತ್ವ ಸಿಕ್ಕ ಮೇಲೆ ಮತ್ತೆ ಅರ್ಜಿ ಹಾಕಬಹುದು, ಆದರೆ ಆ ಸಾಲು ಹತ್ತು ವರ್ಷಕ್ಕೂ ಉದ್ದ.

‘ಕುಟುಂಬಕ್ಕಾಗಿ ಒಬ್ಬನೇ ಕಷ್ಟಪಡುತ್ತೇನೆ’ ಎಂದು ಬರೆದಿದ್ದೀರಿ. ಆ ‘ಒಬ್ಬನೇ’ಯಿಂದ ಯಾರಿಗೆ ಲಾಭ? ಮಾಯೆಸ್ತ್ರೋ ನನಗಿಂತ ಹೆಚ್ಚೇ ದುಡಿದರು, ಆದರೆ ಮನೆಗೆ ಹೋದರೆ ಮನೆ ಇತ್ತು. ಡಿಸೆಂಬರಿನಲ್ಲಿ ತಮಾಲೆ ಎಂಬ ಜೋಳದ ಕಡುಬು ಕಟ್ಟಲು ಇಡೀ ಮನೆ ಕೂರುತ್ತಿತ್ತು. ಮೊಮ್ಮಗಳಿಗೆ 15 ತುಂಬಿದಾಗ ಮಾಡಿದ ಕಿನ್ಸೆಯಾನ್ಯೆರಾ ಸಮಾರಂಭ ನಮ್ಮ ಮದುವೆಗೇನೂ ಕಡಿಮೆ ಇರಲಿಲ್ಲ. ಇಷ್ಟು ದುಡ್ಡು ಎಲ್ಲಿಂದ ಎಂದು ನೋಡಿದರೆ ಕೇಕ್ ಒಬ್ಬರದು, ಗೌನ್ ಇನ್ನೊಬ್ಬರದು, ಬ್ಯಾಂಡ್ ಮತ್ತೊಬ್ಬರದು. ನಮ್ಮ ಮುಯ್ಯಿ ಇದ್ದ ಹಾಗೆ. ಅದೆಲ್ಲ ಇಲ್ಲಿ ಬಾಳಿ ಬದುಕಿದ ಸಂಸಾರಕ್ಕೆ ಸಿಗುವುದು. ಬಾಡಿಗೆ ಕೋಣೆಯಲ್ಲಿ ವಿಡಿಯೋ ಕಾಲ್ ಮಾಡುತ್ತಾ ಕೂತಿದ್ದ ನನಗಲ್ಲ.

ಹೋಟೆಲ್ ಸಂಬಳದಲ್ಲಿ ನಾಲ್ವರು ಹೇಗೆ ಬದುಕುವುದು ಎಂದೂ ಕೇಳಿದ್ದೀರಿ. ಇಕ್ಕಟ್ಟಾಗುತ್ತದೆ. ಅಕ್ಕನ ಮನೆಯಲ್ಲಿ ಕೆಲವು ತಿಂಗಳು ಮುಜುಗರವಾದರೂ ಇರಿ. ನಿಮ್ಮ ಮನೆಯವರಿಗೂ ಗ್ರೀನ್ ಕಾರ್ಡ್ ಇರುತ್ತದೆ, ಅವರೂ ದುಡಿಯಬಹುದು. ಮಗನಿಗೆ ಸರ್ಕಾರಿ ಶಾಲೆ ಉಚಿತ. ಮಗಳು ಒಂದು ವರ್ಷ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಮೇಲೆ ಕಮ್ಯುನಿಟಿ ಕಾಲೇಜಿಗೆ ಸ್ಥಳೀಯರ ಶುಲ್ಕ ಕಟ್ಟಿ ಸೇರಬಹುದು. ಅವಳು ಭಾರತದಲ್ಲೇ ಪದವಿ ಮುಗಿಸಲೇಬೇಕೆಂದಿದ್ದರೆ, ಒಮ್ಮೆ ಇಲ್ಲಿಗೆ ಬಂದಿಳಿದು, ಇಲ್ಲಿಂದಲೇ ರೀ ಎಂಟ್ರಿ ಪರ್ಮಿಟ್‌ಗೆ, ಅಂದರೆ ಹೊರಗೆ ಬಹಳ ದಿನವಿದ್ದು ಮರಳಿ ಬರುವ ಅನುಮತಿಗೆ, ಅರ್ಜಿ ಹಾಕುವ ದಾರಿಯಿದೆ. ಅದು ಸಾಮಾನ್ಯವಾಗಿ ಎರಡು ವರ್ಷದ್ದು. ನಾನು ವಕೀಲನಲ್ಲ, ವಲಸೆ ಕಾನೂನಿನ ವಕೀಲರೊಬ್ಬರಿಗೆ ದುಡ್ಡು ಕೊಟ್ಟೇ ಕೇಳಿ.

ಆದರೆ ಮಗಳ ಡಿಎಸ್-260, ಅಂದರೆ ವಲಸೆ ವೀಸಾದ ಅರ್ಜಿ, ತುಂಬಿದ್ದೀರಾ ಎಂಬುದನ್ನು ನೀವು ಬರೆದಿಲ್ಲ. ತುಂಬಿಲ್ಲದಿದ್ದರೆ, ಅವಳ ಶುಲ್ಕ ಕಟ್ಟಿ ಈ ವಾರವೇ ತುಂಬಿ.