ಪ್ರತಿಕ್ರಿಯೆ: ಜಿಲ್ಲಾ ಪಂಚಾಯಿತಿ ಚುನಾವಣೆ ಮುಂದೂಡಲು ಹೇಗೆ ಸಾಧ್ಯ?

ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು ಅಂತ ಸಂವಿಧಾನವೇ ಹೇಳುವಾಗ ನಮ್ಮ ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಯಾಕೆ ನಡೆಯಲಿಲ್ಲ ಅಂತ ಕೇಳಿದ್ದೀರಿ. ನಿಯಮ ಗಟ್ಟಿಯಾಗಿಯೇ ಇದೆ, 243-ಇ ವಿಧಿ ಓದಿ ನೋಡಿ. ತೊಡಕಿರುವುದು ಅದಕ್ಕೂ ಮುಂಚಿನ ಕೆಲಸದಲ್ಲಿ. ಕ್ಷೇತ್ರಗಳ ಗಡಿ ಗುರುತಿಸಿ ಮೀಸಲಾತಿ ಪಟ್ಟಿ ಕೊಡದೆ ರಾಜ್ಯ ಚುನಾವಣಾ ಆಯೋಗ ದಿನಾಂಕ ಘೋಷಿಸೋಕೆ ಆಗಲ್ಲ. ಕ್ಷೇತ್ರ ವಿಂಗಡಣೆ ಮೊದಲು ಆಯೋಗದ ಕೈಯಲ್ಲೇ ಇತ್ತು, 2021ರಲ್ಲಿ ಕಾಯ್ದೆ ತಿದ್ದಿ ಬೇರೆ ಆಯೋಗಕ್ಕೆ ಕೊಟ್ಟರು. ಸದಸ್ಯರ ಅವಧಿ ಮುಗಿದದ್ದೂ ಅದೇ ವರ್ಷ. ಆಮೇಲೆ ಕೋರ್ಟು, ಗಡುವು, ಮತ್ತೆ ಗಡುವು.

ಇದು ಬರೀ ರಾಜಕಾರಣಿಗಳ ಗೋಳಲ್ಲ. ಮಳೆಗಾಲದಲ್ಲಿ ಶಾಲೆಯ ಹೆಂಚು ಹಾರಿಹೋದರೆ ಮೊದಲು ಸದಸ್ಯರ ಮನೆ ಬಾಗಿಲು ತಟ್ಟಬಹುದಿತ್ತು, ಅವರು ಸಭೆಯಲ್ಲಿ ಎಂಜಿನಿಯರನ್ನು ನಿಲ್ಲಿಸಿ ಕೇಳುತ್ತಿದ್ದರು. ಈಗ ಸದಸ್ಯರ ಜಾಗದಲ್ಲಿ ಸರ್ಕಾರ ಕೂರಿಸಿದ ಆಡಳಿತಾಧಿಕಾರಿಯನ್ನು ಹಾಗೆ ಕೇಳೋರು ಯಾರು? ದುಡ್ಡಿಗೂ ಪೆಟ್ಟು: ಕೇಂದ್ರದ 15ನೇ ಹಣಕಾಸು ಆಯೋಗದ (2021–26) ಅನುದಾನಕ್ಕೆ ಚುನಾಯಿತ ಸಂಸ್ಥೆ ಇರಬೇಕೆಂಬ ಷರತ್ತಿತ್ತು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ 1983ರ ಪಂಚಾಯಿತಿ ಕಾಯ್ದೆ ತಂದು ದೇಶಕ್ಕೇ ದಾರಿ ತೋರಿಸಿದ ರಾಜ್ಯ ಇದು, ಹೊಟ್ಟೆ ಉರಿಯುತ್ತೆ.

ನನ್ನ ಪ್ರಕಾರ ವಿಂಗಡಣೆ, ಮೀಸಲಾತಿ ಎರಡೂ ಚುನಾವಣಾ ಆಯೋಗಕ್ಕೇ ಸೇರಬೇಕು. ಅವಧಿ ಮುಗಿಯುವುದಕ್ಕೆ ಆರು ತಿಂಗಳು ಮುಂಚೆಯೇ ಹೊಸ ಪಟ್ಟಿ ಬರದಿದ್ದರೆ ಹಳೆಯದರ ಮೇಲೆಯೇ ಚುನಾವಣೆ ಅಂತ ಕಾಯ್ದೆಯಲ್ಲೇ ಬರೆಯಬೇಕು. ನಿಮ್ಮ ಶಾಸಕರನ್ನು ಇಷ್ಟನ್ನೇ ನೇರವಾಗಿ ಕೇಳಿ.